ಯಜಮಾನ್ರನ್ನ ಕಳಿಸಿ

‘ಯಜಮಾನ್ರನ್ನ ಕಳಿಸಿ ಮೇಡಂ, ಅವರಿಗೆ ಹೇಳ್ತೀವಿ.’

ಈ ಮಾತನ್ನು ಒಮ್ಮೆಯಾದರೂ ಕೇಳದ ಹೆಂಗಸು ನಮ್ಮ ಊರುಗಳಲ್ಲಿ ಇದ್ದಾಳೆಯೇ? ಕೊಳವೆಬಾವಿಯ ಮೋಟಾರು ಸುಟ್ಟಾಗ, ತಾರಸಿ ಸೋರಿದಾಗ, ಕರೆಂಟಿನ ಮೀಟರು ಹುಚ್ಚುಹುಚ್ಚಾಗಿ ಓಡಿದಾಗ, ಸ್ಕೂಟರು ಮುನಿಸಿಕೊಂಡು ನಿಂತಾಗ ನಾವು ಹೋಗಿ ನಿಲ್ಲುತ್ತೇವೆ, ಅವರು ನಮ್ಮ ಹೆಗಲಿನಾಚೆ ಇಣುಕಿ ಹಿಂದೆ ಯಾರಾದರೂ ಗಂಡಸರು ಬಂದಿದ್ದಾರೆಯೇ ಎಂದು ನೋಡುತ್ತಾರೆ. ಯಾರೂ ಇಲ್ಲವೆಂದು ಖಾತ್ರಿಯಾದ ಮೇಲೆ ಈ ಮಾತು ಹೊರಡುತ್ತದೆ. ಬೈದಿದ್ದರೆ ತಿರುಗಿಸಿ ಬೈಯಬಹುದಿತ್ತು. ಆದರೆ ಇದು ವಿನಯದ ಮಾತು. ಕುರ್ಚಿ ಹಾಕಿ, ಟೀ ತರಿಸಿ, ‘ಮೇಡಂ’ ಎಂದು ಕರೆದು ಆಡುವ ಮಾತು. ವಿನಯದಲ್ಲಿ ಸುತ್ತಿ ಕೊಟ್ಟ ಅವಮಾನವನ್ನು ತೆಗೆದುಕೊಳ್ಳದೆ ವಾಪಸು ಕೊಡುವುದು ಹೇಗೆಂದು ನಮಗೆ ಯಾರೂ ಕಲಿಸಿಲ್ಲ.

ನಾನು ಇಲ್ಲಿ ವಾದ ಹೂಡಲು ಹೊರಟಿರುವುದು ಈ ವಿನಯದ ವಿರುದ್ಧ. ಯಂತ್ರದ ಒಳಗನ್ನು ನಮ್ಮಿಂದ ಮುಚ್ಚಿಟ್ಟಿರುವುದು ಅದು ಕಷ್ಟದ ವಿದ್ಯೆ ಎಂಬ ಕಾರಣಕ್ಕಲ್ಲ. ಮುಚ್ಚಿಟ್ಟವರಿಗೆ ಅದರಿಂದ ಲಾಭವಿದೆ, ಮುಚ್ಚಿಸಿಕೊಂಡವರಿಗೆ ಅದು ಅಭ್ಯಾಸವಾಗಿದೆ, ಅಷ್ಟೇ. ಇದಕ್ಕೆ ನನ್ನ ಬಳಿ ಇರುವ ಸಾಕ್ಷಿ ಒಂದು ಜಿಪ್ಸಿಯ ಮುಂದಿನ ಆಕ್ಸಲ್. ಹೆಂಗಸಿನ ಬರಹದಲ್ಲಿ ಆಕ್ಸಲ್ಲೇ ಎಂದು ಮೂಗು ಮುರಿಯಬೇಡಿ. ಗಂಡಸರು ಹಲಸಿನ ಹಪ್ಪಳದ ಬಗ್ಗೆ, ಅಜ್ಜಿ ಮಾಡುತ್ತಿದ್ದ ಕಾಯಿಹೋಳಿಗೆಯ ಬಗ್ಗೆ ಪುಟಗಟ್ಟಲೆ ಬರೆದಾಗ ನಾವು ಪ್ರೀತಿಯಿಂದಲೇ ಓದಿದ್ದೇವೆ.

ನಮ್ಮದು ಮೂಡಿಗೆರೆ ಕಡೆ ನಾಲ್ಕು ಎಕರೆ ಕಾಫಿ. ವಾಸ ಚಿಕ್ಕಮಗಳೂರಿನಲ್ಲಿ. ಮುಖ್ಯರಸ್ತೆಯಿಂದ ತೋಟದ ಮನೆಗೆ ಹೋಗುವ ಮಣ್ಣಿನ ದಾರಿ ಜೂನ್ ತಿಂಗಳಿಂದ ಅಕ್ಟೋಬರ್‌ವರೆಗೆ ದಾರಿಯೋ ಹಳ್ಳವೋ ಎಂದು ಹೇಳುವುದು ಕಷ್ಟ. ಅಲ್ಲಿ ಅತ್ತೆ ಇದ್ದಾರೆ. ಪೇಟೆಗೆ ಬರಲಾರೆ ಎಂದು ಹಟ ಹಿಡಿದಿರುವ ಅವರಿಗೆ ವಯಸ್ಸು 81. ತಿಂಗಳಿಗೊಮ್ಮೆ ಆಸ್ಪತ್ರೆಗೆ ಕರೆತರುವುದು, ಗೊಬ್ಬರ ಸಾಗಿಸುವುದು, ಮಳೆಗಾಲದಲ್ಲಿ ಮರ ಬಿದ್ದರೆ ಓಡುವುದು, ಎಲ್ಲಕ್ಕೂ ಇರುವುದು 2012ರ ಮಾಡೆಲಿನ ಒಂದು ಜಿಪ್ಸಿ. ಓಡಿಸುವವಳು ನಾನು. ಆರ್.ಸಿ. ಪುಸ್ತಕದಲ್ಲಿರುವುದೂ ನನ್ನ ಹೆಸರೇ. ನಮ್ಮ ಯಜಮಾನರು ಸಾಹಿತ್ಯದ ಮೇಷ್ಟ್ರು. ಅವರಿಗೆ ವಾಹನ ಓಡಿಸಲು ಬರುವುದಿಲ್ಲ, ಬರಬೇಕೆಂಬ ಆಸೆಯೂ ಇಲ್ಲ. ಪಕ್ಕದ ಸೀಟಿನಲ್ಲಿ ಕೂತು ಕಣ್ಣು ಮುಚ್ಚಿಕೊಂಡು ಕಾವ್ಯಚಿಂತನೆ ಮಾಡುತ್ತಾರೆ. ಸಂಸಾರ ಸುಗಮವಾಗಿ ಸಾಗುತ್ತಿದೆ.

ಕಳೆದ ವರ್ಷ ಮಳೆ ಹಿಡಿಯುವ ಹೊತ್ತಿಗೆ ಮುಂದಿನ ಎಡ ಚಕ್ರದಿಂದ ಸದ್ದು ಶುರುವಾಯಿತು. ನೆಟ್ಟಗೆ ಹೋದರೆ ಏನೂ ಇಲ್ಲ. ಫೋರ್ ವೀಲ್ ಹಾಕಿ ಕೆಸರಿನ ತಿರುವಿನಲ್ಲಿ ಸ್ಟಿಯರಿಂಗನ್ನು ಪೂರ್ತಿ ತಿರುಗಿಸಿದರೆ ‘ಟಕ್ ಟಕ್ ಟಕ್’. ವೇಗ ಹೆಚ್ಚಿದರೆ ಟಕಟಕವೂ ಹೆಚ್ಚು. ಬಗ್ಗಿ ನೋಡಿದರೆ ಚಕ್ರದ ಒಳಮಗ್ಗುಲಲ್ಲಿ ಕೆಂಪು ಮಣ್ಣಿನ ಜತೆ ಕಲಸಿದ ಕಪ್ಪು ಗ್ರೀಸು. ಇಷ್ಟನ್ನೂ ಒಂದು ಚೀಟಿಯಲ್ಲಿ ಬರೆದುಕೊಂಡು ಒಂದು ದೊಡ್ಡ ವರ್ಕ್‌ಷಾಪಿಗೆ ಹೋದೆ. ಅದರ ಹೆಸರು ಇಲ್ಲಿ ಬೇಡ. ನಿಮ್ಮೂರಿನಲ್ಲೂ ಅಂಥದೊಂದು ಇದ್ದೇ ಇರುತ್ತದೆ.

ಅಲ್ಲಿನ ಮೇಲ್ವಿಚಾರಕ ನನ್ನ ಚೀಟಿಯನ್ನು ಓದಲಿಲ್ಲ. ಗಾಡಿ ಎತ್ತಿ ನೋಡಿದ ಶಾಸ್ತ್ರ ಮಾಡಿ ಬಂದು, ‘ಮಿಕ್ಸಿ ಜಾರಿನ ಬುಷ್ ಹೋಗುತ್ತಲ್ಲ ಮೇಡಂ, ಹಾಗೆ ಅಂದ್ಕೊಳ್ಳಿ. ಯಜಮಾನ್ರ ನಂಬರ್ ಕೊಡಿ’ ಎಂದ. ಕೊಟ್ಟೆ. ನನ್ನೆದುರೇ ಫೋನು ಮಾಡಿದ. ‘ಸಾರ್, ಫ್ರಂಟ್ ಆಕ್ಸಲ್ ಹೋಗಿದೆ. ಹೊಸದು ಸಿಗೋದು ಕಷ್ಟ ಸಾರ್, ಗಾಡಿ ಈಗ ಬರ್ತಿಲ್ಲವಲ್ಲ. ಗುಜರಿಯಿಂದ ಒಳ್ಳೇ ಕಂಡೀಷನ್ನಿನ ಆಕ್ಸಲ್ ಸೆಟ್ ತರಿಸಿ ಹಾಕ್ತೀವಿ. ಎಲ್ಲಾ ಸೇರಿ 38,000.’ ಆ ಕಡೆಯಿಂದ ನಮ್ಮ ಮೇಷ್ಟ್ರು ಗಂಭೀರವಾಗಿ ‘ಹೌದು, ಹೌದು’ ಎನ್ನುತ್ತಿರುವುದು ನನಗೆ ಕೇಳಿಸುತ್ತಿತ್ತು. ಆಕ್ಸಲ್ ಎಂದರೆ ಗಾಡಿಯ ಮೇಲೋ ಕೆಳಗೋ ಎಂಬುದು ಗೊತ್ತಿಲ್ಲದ ಮನುಷ್ಯನಿಗೆ ಆತ ಎಲ್ಲವನ್ನೂ ಹೇಳಿದ. ಸದ್ದನ್ನು ತಿಂಗಳಿನಿಂದ ಕೇಳುತ್ತಿದ್ದ ನನಗೆ ಟೀ ಕೊಟ್ಟ.

ಗಮನಿಸಿ. ಇದನ್ನು ಬರೀ ಮರ್ಯಾದೆಯ ಪ್ರಶ್ನೆ ಎಂದುಕೊಂಡರೆ ಸಾಲದು. ಇದು ವಿದ್ಯೆಯ ಪ್ರಶ್ನೆಯೂ ಹೌದು. ರೋಗಿಯನ್ನು ಎದುರಿಗೆ ಕೂರಿಸಿಕೊಂಡು, ರೋಗಿಯ ನೆಂಟರಿಗೆ ಫೋನು ಮಾಡಿ ‘ಎಲ್ಲಿ ನೋವು?’ ಎಂದು ಕೇಳುವ ವೈದ್ಯನನ್ನು ನೀವು ಏನೆಂದು ಕರೆಯುತ್ತೀರಿ? ಗಾಡಿಯ ಕಾಯಿಲೆಯನ್ನು ಬಲ್ಲವರು ಅದನ್ನು ಓಡಿಸುವವರು. ಅವರ ಕೈಗೆ ಸ್ಟಿಯರಿಂಗಿನ ನಡುಕ ಗೊತ್ತು, ಕಿವಿಗೆ ಸದ್ದು ಗೊತ್ತು. ಅವರನ್ನು ಕೇಳದ ಮೆಕ್ಯಾನಿಕ್ ತನ್ನ ಕೆಲಸವನ್ನೇ ಅರ್ಧ ಕಣ್ಣು ಮುಚ್ಚಿಕೊಂಡು ಮಾಡುತ್ತಾನೆ.

ಗಾಡಿಯನ್ನು ವಾಪಸು ತಂದೆ. ಮೇಷ್ಟ್ರು ‘ಹಾಕಿಸಿಬಿಡು, ಅವರು ಹೇಳಿದ್ದಾರಲ್ಲ’ ಎಂದರು. ‘ಏನು ಹೇಳಿದರು?’ ಎಂದು ಕೇಳಿದೆ. ‘ಅದೇ, ಆಕ್ಸಲ್...’ ಎಂದು ಅವರು ಕನ್ನಡಕ ಒರೆಸಿಕೊಳ್ಳತೊಡಗಿದರು.

ಪೇಟೆಯ ಹೊರಗೆ ತಗಡಿನ ಶೆಡ್ಡಿನಲ್ಲಿ ಜೀಪುಗಳನ್ನು ಮಾತ್ರ ರಿಪೇರಿ ಮಾಡುವ ಒಬ್ಬ ಮೇಸ್ತ್ರಿ ಇದ್ದಾರೆ. ಅರವತ್ತು ದಾಟಿದವರು. ಅವರು ನನ್ನ ಹೆಗಲಿನಾಚೆ ನೋಡಲಿಲ್ಲ. ‘ಸದ್ದು ನೆಟ್ಟಗೆ ಹೋಗುವಾಗ ಬರ್ತದೋ, ತಿರುವಿನಲ್ಲೋ ಅಮ್ಮಾ?’ ಎಂದು ಕೇಳಿದರು. ತಿರುವಿನಲ್ಲಿ ಎಂದೆ. ‘ಎಡಕ್ಕೋ ಬಲಕ್ಕೋ? ಟಾರು ರಸ್ತೆಯಲ್ಲಿ ಫೋರ್ ವೀಲ್ ಹಾಕ್ತೀರಾ?’ ಇಲ್ಲ ಎಂದೆ. ‘ಹಾಕಬಾರದು. ತಿರುವಿನಲ್ಲಿ ಮುಂದಿನ ಚಕ್ರ ಜಾಸ್ತಿ ದೂರ ಓಡ್ತದೆ, ಹಿಂದಿನದು ಕಡಿಮೆ. ಫೋರ್ ವೀಲ್ ಹಾಕಿದರೆ ಎರಡನ್ನೂ ಒಟ್ಟಿಗೆ ಕಟ್ಟಿ ಹಾಕಿದ ಹಾಗೆ. ಕೆಸರಾದರೆ ಚಕ್ರ ಜಾರಿ ಸರಿ ಮಾಡಿಕೊಳ್ತದೆ. ಒಣ ಟಾರಿನಲ್ಲಿ ಜಾರಲಿಕ್ಕಾಗದೆ ಎಲ್ಲ ಭಾರ ಆಕ್ಸಲ್ಲಿಗೆ ಬೀಳ್ತದೆ.’ ಎರಡು ನಿಮಿಷದ ಮಾತು. ಇಷ್ಟು ವರ್ಷ ಗಾಡಿ ಓಡಿಸಿದ ನನಗೆ ‘ಟಾರಿನಲ್ಲಿ ಹಾಕಬೇಡಿ’ ಎಂದವರು ಹಲವರಿದ್ದರು. ಏಕೆ ಎಂದು ಹೇಳಿದವರು ಇವರೊಬ್ಬರೇ. ಹೆಂಗಸರಿಗೆ ಆಜ್ಞೆ ಸಿಗುತ್ತದೆ, ಕಾರಣ ಸಿಗುವುದಿಲ್ಲ.

ಒಂದು ಸ್ಟೂಲು ಕೇಳಿದೆ. ಕೊಟ್ಟರು. ಬೆಳಗಿನಿಂದ ಮಧ್ಯಾಹ್ನದ ತನಕ ಕೂತು ನೋಡಿದೆ. ನೋಡಿದ್ದನ್ನು ಮಿಕ್ಸಿ ಜಾರಿನ ಸಹಾಯವಿಲ್ಲದೆ ಹೇಳುತ್ತೇನೆ, ನಿಮಗೆ ಅರ್ಥವಾಗುತ್ತದೆ.

ಹಿಂದಿನ ಚಕ್ರಕ್ಕೆ ಒಂದೇ ಕೆಲಸ, ತಿರುಗುವುದು. ಆದ್ದರಿಂದ ಒಳಗಿರುವ ಶಾಫ್ಟು ನೇರವಾದ ಒಂದು ಉಕ್ಕಿನ ಸರಳಾದರೆ ಸಾಕು. ಫೋರ್ ವೀಲ್ ಗಾಡಿಯ ಮುಂದಿನ ಚಕ್ರಕ್ಕೆ ಎರಡು ಕೆಲಸ. ಎಂಜಿನ್ನಿನ ಶಕ್ತಿಯಿಂದ ಉರುಳಬೇಕು, ಸ್ಟಿಯರಿಂಗಿನ ಮಾತು ಕೇಳಿ ಎಡಕ್ಕೂ ಬಲಕ್ಕೂ ಹೊರಳಬೇಕು. ಅಂದರೆ ಶಾಫ್ಟು ಚಕ್ರದ ಹತ್ತಿರ ಬಾಗಬೇಕು, ಬಾಗಿಕೊಂಡೇ ತಿರುಗಬೇಕು. ಹಳೆಯ ಜೀಪುಗಳಲ್ಲಿ ಅಲ್ಲಿ ಕೂಡುಗಂಬಿಯಂಥ ಒಂದು ಕ್ರಾಸ್ ಇರುತ್ತಿತ್ತು. ಅದು ಬಾಗಿದಾಗ, ಒಂದೊಂದು ಸುತ್ತಿನಲ್ಲೂ ಚಕ್ರದ ಕಡೆಯ ತುದಿ ಎರಡು ಸಲ ಓಡಿ ಎರಡು ಸಲ ತಡೆದು ಜಗ್ಗಾಡುತ್ತದೆ. ಈ ಜಗ್ಗಾಟವನ್ನು ನಿಲ್ಲಿಸುವ ಒಂದು ಕೀಲನ್ನು 1920ರ ದಶಕದಲ್ಲಿ ಅಮೆರಿಕದ ಆಲ್ಫ್ರೆಡ್ ರ‌್ಜೆಪ್ಪಾ ಎಂಬ ಎಂಜಿನಿಯರ್ ರೂಪಿಸಿದ. ಒಂದು ಬಟ್ಟಲು, ಅದರೊಳಗೊಂದು ಗುಂಡು, ನಡುವೆ ಗಾಡಿಯಂತೆ ಕೊರೆದ ಹಳ್ಳಗಳಲ್ಲಿ ಆರು ಉಕ್ಕಿನ ಗೋಲಿಗಳು. ಎಷ್ಟು ಬಾಗಿದರೂ ಗೋಲಿಗಳು ಬಾಗಿದ ಕೋನದ ಸರಿಯಾಗಿ ಅರ್ಧದಲ್ಲೇ ನಿಲ್ಲುತ್ತವೆ. ಆದ್ದರಿಂದ ಈ ಕಡೆ ಎಷ್ಟು ವೇಗವೋ ಆ ಕಡೆಯೂ ಅಷ್ಟೇ ವೇಗ. ಗ್ಯಾರೇಜಿನಲ್ಲಿ ಸಿವಿ ಜಾಯಿಂಟ್ ಎನ್ನುವುದು ಇದನ್ನೇ. ಗ್ರೀಸು ಇರುವ ತನಕ ಅದಕ್ಕೆ ಆಯುಸ್ಸು. ಸೀಲು ಹರಿದು ಗ್ರೀಸು ಹೊರಬಂದು ಮಣ್ಣುನೀರು ಒಳಹೊಕ್ಕರೆ ಗೋಲಿಯ ಹಳ್ಳಗಳು ಸವೆಯುತ್ತವೆ. ಆಗ ಟಕ್ ಟಕ್. ಅಲಕ್ಷ್ಯ ಮಾಡಿದರೆ ಒಂದು ದಿನ ಜಾಯಿಂಟ್ ಒಡೆದು, ಚೂರುಗಳು ಸಿಕ್ಕಿಕೊಂಡು, ಸ್ಟಿಯರಿಂಗೇ ತಿರುಗದೆ ಹೋಗಬಹುದು. ಒಂದು ಕಡೆ ಧರೆ, ಇನ್ನೊಂದು ಕಡೆ ಕಂದಕ ಇರುವ ದಾರಿಯಲ್ಲಿ, ಹಿಂದಿನ ಸೀಟಿನಲ್ಲಿ ಅತ್ತೆಯನ್ನು ಕೂರಿಸಿಕೊಂಡಿರುವಾಗ, ಸ್ಟಿಯರಿಂಗ್ ತಿರುಗದೆ ಹೋದರೆ? ಈ ವಿಷಯ ನನಗೆ ಗೊತ್ತಿರಬೇಕೋ ಬೇಡವೋ?

ಇನ್ನು ಕೆಲಸ. ಹಿಂದಿನ ಚಕ್ರಗಳಿಗೆ ಕಲ್ಲು ಕೊಟ್ಟು, ಮುಂದೆ ಜಾಕ್ ಎತ್ತಿ, ಕೆಳಗೆ ಸ್ಟ್ಯಾಂಡು ನಿಲ್ಲಿಸಿದರು. ಮೊದಲು ಕ್ರೌನ್ ಪಿನಿಯನ್ನಿನ ಆಯಿಲನ್ನು ಒಂದು ಬಾಣಲೆಗೆ ಇಳಿಸಿ, ಬೆರಳುಗಳ ನಡುವೆ ಉಜ್ಜಿ ನನಗೆ ತೋರಿಸಿದರು. ‘ನೋಡಿ, ಕಬ್ಬಿಣದ ಚೂರು ಇಲ್ಲ. ಹಲ್ಲು ಚೆನ್ನಾಗಿದೆ.’ ಎರಡೂ ಟೈರು ಸಮವಾಗಿ ಸವೆದಿರುವುದನ್ನು ತೋರಿಸಿ, ‘ಹೌಸಿಂಗ್ ಬಗ್ಗಿಲ್ಲ’ ಎಂದರು. ಚಕ್ರ ಬಿಚ್ಚಿದರು. ಬ್ರೇಕಿನ ಕ್ಯಾಲಿಪರ್ ತೆಗೆದು, ಅದರ ಪೈಪಿಗೆ ಭಾರ ಬೀಳದಂತೆ ತಂತಿಯಲ್ಲಿ ಮೇಲಕ್ಕೆ ಕಟ್ಟಿದರು. ಹಬ್ಬಿನ ಮುಚ್ಚಳ, ಒಳಗಿನ ಕ್ಲಿಪ್ಪು, ನಾಲಿಗೆ ಮಡಚಿದ ವಾಷರು, ನಟ್ಟು, ಬೇರಿಂಗುಗಳು ಒಂದೊಂದಾಗಿ ಹೊರಬಂದು ಹಳೆಯ ಪತ್ರಿಕೆಯ ಮೇಲೆ ಬಿಚ್ಚಿದ ಕ್ರಮದಲ್ಲೇ ಸಾಲಾಗಿ ಕೂತವು. ಕೊನೆಗೆ ಶಾಫ್ಟನ್ನು ನೇರವಾಗಿ ಎಳೆದರು. ತುದಿಯ ಬಟ್ಟಲಿನಲ್ಲಿ ಗ್ರೀಸು ಇರಲಿಲ್ಲ, ಕಂದು ಬಣ್ಣದ ರಾಡಿ ಇತ್ತು. ಒರೆಸಿ ಕೈಗೆ ಕೊಟ್ಟರು. ಗೋಲಿಯ ಹಳ್ಳದಲ್ಲಿ ಉಗುರಿಗೆ ತಗಲುವಷ್ಟು ಗುಂಡಿ. ಸದ್ದು ಎಲ್ಲಿಂದ ಬರುತ್ತಿತ್ತೋ ಆ ಜಾಗವನ್ನು ನನ್ನ ಉಗುರಿನಿಂದಲೇ ಮುಟ್ಟಿದೆ.

ಎಡ ಬಲ ಶಾಫ್ಟುಗಳ ಉದ್ದ ಒಂದೇ ಅಲ್ಲ. ಆದ್ದರಿಂದ ಹೊಸದನ್ನೂ ಹಳೆಯದನ್ನೂ ಪಕ್ಕಪಕ್ಕ ಇಟ್ಟು ಅಳೆದರು. ಒಳಗಿನ ಆಯಿಲ್ ಸೀಲು, ಹೊರಗಿನ ಸೀಲು ಎರಡನ್ನೂ ಹೊಸದಾಗಿ ಹಾಕಿದರು. ಹಳೆಯ ಸೀಲನ್ನೇ ಕೂರಿಸಿದರೆ ಆಯಿಲು ಗ್ರೀಸಿಗೆ ಸೇರಿ, ಮತ್ತೆ ಮೊದಲಿನ ಕತೆ. ಕಪ್ಪು ಗ್ರೀಸು ತುಂಬಿದರು. ಬೇರಿಂಗಿನ ನಟ್ಟನ್ನು ಬಿಗಿ ಮಾಡಿ, ಹಬ್ಬನ್ನು ಕೈಯಿಂದ ತಿರುಗಿಸಿ, ಮತ್ತೆ ಚೂರು ಸಡಿಲಿಸಿ ಹದ ನೋಡಿದರು. ಆ ಹದ ಅವರ ಕೈಯಲ್ಲಿದೆ. ಅದಕ್ಕೆ ನಾನು ಕೈ ಮುಗಿಯುತ್ತೇನೆ. ಒಟ್ಟು ಖರ್ಚು 11,400.

ಈಗ ಆ 38,000ದ ಗುಟ್ಟನ್ನು ಕೇಳಿ. ಗ್ಯಾರೇಜಿನ ಭಾಷೆಯಲ್ಲಿ ‘ಆಕ್ಸಲ್’ ಎಂಬ ಒಂದೇ ಪದಕ್ಕೆ ಎರಡು ಅರ್ಥಗಳಿವೆ. ಒಳಗೆ ತಿರುಗುವ ಆ ಒಂದು ಶಾಫ್ಟೂ ಆಕ್ಸಲ್ಲೇ. ಹೌಸಿಂಗು, ಕ್ರೌನ್ ಪಿನಿಯನ್, ಎರಡು ಶಾಫ್ಟು, ಎರಡು ಹಬ್ಬು ಎಲ್ಲ ಸೇರಿದ ಈ ಕೊನೆಯಿಂದ ಆ ಕೊನೆಯವರೆಗಿನ ಇಡೀ ಸೆಟ್ಟೂ ಆಕ್ಸಲ್ಲೇ. ‘ಆಕ್ಸಲ್ ಹೋಗಿದೆ’ ಎಂಬ ಮಾತು ಮೊದಲನೆಯ ಅರ್ಥದಲ್ಲಿ ನಿಜ. ಎಸ್ಟಿಮೇಟು ಬಂದದ್ದು ಎರಡನೆಯ ಅರ್ಥದಲ್ಲಿ. ಜಿಪ್ಸಿಯನ್ನು ಸಾಮಾನ್ಯ ಗ್ರಾಹಕರಿಗೆ ಮಾರುವುದು 2019ರಲ್ಲಿ ನಿಂತಿತು ಎಂಬುದು ನಿಜ. ಆದರೆ ಆ ನಿಜವನ್ನೇ ಮುಂದಿಟ್ಟುಕೊಂಡು, ಎಷ್ಟು ಓಡಿದೆಯೆಂದು ಗೊತ್ತಿಲ್ಲದ ಗುಜರಿಯ ಸೆಟ್ಟನ್ನು ನಮ್ಮ ಗಾಡಿಗೆ ಕಟ್ಟಲು ಹೊರಟಿದ್ದರು. ಎರಡು ಅರ್ಥಗಳ ನಡುವಿನ ಅಂತರ 26,600 ರೂಪಾಯಿ. ಯಾವ ಅರ್ಥದಲ್ಲಿ ಎಂದು ಕೇಳಲು ನಮ್ಮ ಮೇಷ್ಟ್ರಿಗೆ ತಿಳಿಯದು. ಕೇಳಬಲ್ಲವಳಿಗೆ ಹೇಳಲು ಅವರಿಗೆ ಮನಸ್ಸಿಲ್ಲ. ‘ಯಜಮಾನ್ರನ್ನ ಕಳಿಸಿ’ ಎಂಬ ವಿನಯದ ಬೆಲೆ ಇಷ್ಟು.

ಅಂದಹಾಗೆ, ಆ ಮಿಕ್ಸಿ ಜಾರಿನ ಮಾತು. ಹೆಂಗಸರಿಗೆ ಏನನ್ನಾದರೂ ತಿಳಿಸಬೇಕಾದರೆ ಅದನ್ನು ಒಗ್ಗರಣೆ ಹಾಕಿಯೇ ಬಡಿಸಬೇಕೆಂದು ಇವರಿಗೆ ಹೇಳಿಕೊಟ್ಟವರು ಯಾರು? ಮಿಕ್ಸಿ ಜಾರಿನ ಬುಷ್ ಹೋದರೆ ನಾವು ಬುಷ್ ಬದಲಿಸುತ್ತೇವೆ, ಅಡುಗೆಕಟ್ಟೆಯನ್ನೇ ಕಿತ್ತು ಗುಜರಿ ಅಡುಗೆಕಟ್ಟೆ ತಂದು ಕೂರಿಸುವುದಿಲ್ಲ! ಸೀಮೆಎಣ್ಣೆಯ ಪಂಪ್ ಸ್ಟೌವಿನ ಕಾಲದಲ್ಲಿ ಅದರ ಪಿನ್ನು ಹಾಕಿದವರು, ತೊಗಲಿನ ವಾಷರಿಗೆ ಎಣ್ಣೆ ಬಿಟ್ಟು ಮೆದುಮಾಡಿ ಕೂರಿಸಿದವರು ಯಾರು? ಹೊಲಿಗೆ ಯಂತ್ರದ ಬಾಬಿನ್ ಕೇಸು ಬಿಚ್ಚಿ ನೂಲಿನ ಚೂರು ತೆಗೆದು, ತೂತುತೂತಿಗೆ ಎಣ್ಣೆ ಬಿಟ್ಟವರು ಯಾರು? ಒತ್ತಡ, ಸೀಲು, ಬೆಲ್ಟು, ಎಣ್ಣೆ ಎಲ್ಲವೂ ನಮ್ಮ ಕೈಯಲ್ಲಿ ಆಗಲೇ ಇದ್ದವು. ನಾವು ಬಿಚ್ಚಿದ್ದು ಯಂತ್ರ ಎಂದು ಯಾರೂ ಲೆಕ್ಕ ಹಿಡಿಯಲಿಲ್ಲ, ಅಷ್ಟೇ.

ಚರಿತ್ರೆಯೂ ನಮ್ಮ ಕಡೆಗೇ ಇದೆ. ಜರ್ಮನಿಯ ಕಾರ್ಲ್ ಬೆಂಜ್ ತನ್ನ ಮೋಟಾರು ಬಂಡಿಗೆ 1886ರಲ್ಲಿ ಪೇಟೆಂಟ್ ಪಡೆದ. ಅವನ ಉದ್ಯಮಕ್ಕೆ ತನ್ನ ವರದಕ್ಷಿಣೆಯ ಹಣ ಸುರಿದಿದ್ದವಳು ಹೆಂಡತಿ ಬರ್ಥಾ. ಬಂಡಿಯನ್ನು ನಂಬಿ ಕೊಳ್ಳುವವರು ಕಾಣದಿದ್ದಾಗ, 1888ರ ಆಗಸ್ಟ್‌ನಲ್ಲಿ ಗಂಡನಿಗೆ ಹೇಳದೆ ಇಬ್ಬರು ಗಂಡುಮಕ್ಕಳನ್ನು ಕೂರಿಸಿಕೊಂಡು ಮಾನ್‌ಹೈಮ್‌ನಿಂದ ಫೋರ್ಜ್‌ಹೈಮ್‌ಗೆ, ನೂರು ಕಿಲೋಮೀಟರಿಗೂ ಮಿಕ್ಕಿದ ದಾರಿಯನ್ನು ಆಕೆ ಕ್ರಮಿಸಿದಳು. ಇಂಧನದ ಕೊಳವೆ ಕಟ್ಟಿಕೊಂಡಾಗ ಟೋಪಿಯ ಪಿನ್ನಿನಿಂದ ಬಿಡಿಸಿದಳು. ಇಂಧನವನ್ನು ಔಷಧಿ ಅಂಗಡಿಯಲ್ಲಿ ಕೊಂಡಳು. ಬ್ರೇಕು ಸವೆದಾಗ ಚಮ್ಮಾರನಿಂದ ತೊಗಲು ಹೊಡೆಸಿದಳು. ಜಗತ್ತಿನ ಮೊದಲ ದೂರಪ್ರಯಾಣದ ಡ್ರೈವರೂ ದಾರಿಯ ಮೆಕ್ಯಾನಿಕ್ಕೂ ಒಬ್ಬ ಗೃಹಿಣಿ! ಅವಳಿಗೆ ಯಾರಾದರೂ ‘ಯಜಮಾನ್ರನ್ನ ಕಳಿಸಿ’ ಎಂದಿದ್ದರೆ ಯಜಮಾನರು ಮನೆಯಲ್ಲಿ ನಿದ್ದೆ ಮಾಡುತ್ತಿದ್ದರು.

ನಮ್ಮಲ್ಲೇ ನೋಡಿ. ಹುಬ್ಬಳ್ಳಿಯಲ್ಲಿ ಎಂಜಿನಿಯರಿಂಗ್ ಓದಿದ ಸುಧಾ ಮೂರ್ತಿಯವರು, 1974ರಲ್ಲಿ, ಹೆಂಗಸರು ಅರ್ಜಿ ಹಾಕುವಂತಿಲ್ಲ ಎಂಬ ಟೆಲ್ಕೋದ ಜಾಹೀರಾತು ಕಂಡು ಜೆ.ಆರ್.ಡಿ. ಟಾಟಾ ಅವರಿಗೇ ಒಂದು ಪೋಸ್ಟ್‌ಕಾರ್ಡು ಬರೆದರು, ಸಂದರ್ಶನಕ್ಕೆ ಕರೆಸಿಕೊಂಡರು, ಕೆಲಸವನ್ನೂ ಪಡೆದರು. ಲಾರಿ ಕಟ್ಟುವ ಕಾರ್ಖಾನೆಯ ಬಾಗಿಲು ಒಂದು ಕಾರ್ಡಿಗೆ ತೆರೆಯಿತು. ಇಷ್ಟು ವರ್ಷಗಳ ಮೇಲೂ ನಮ್ಮ ಬೀದಿಯ ಗ್ಯಾರೇಜಿನ ಬಾಗಿಲು ಅರ್ಧಕ್ಕೇ ನಿಂತಿದೆಯಲ್ಲ, ಅದಕ್ಕೆ ಏನು ಹೇಳೋಣ?

‘ನೀವೇನು ಎಲ್ಲರೂ ಪಾನಾ ಹಿಡಿದು ಗಾಡಿಯಡಿ ನುಗ್ಗಬೇಕು ಅಂತೀರಾ?’ ಎಂದು ನನ್ನ ಗೆಳತಿಯೊಬ್ಬಳು ಕೇಳಿದಳು. ಇಷ್ಟವಿದ್ದವರು ನುಗ್ಗಲಿ. ನಾನು ಹೇಳುತ್ತಿರುವುದು ಅದನ್ನಲ್ಲ. ಡಾಕ್ಟರಾಗದೆಯೂ ನಾವು ಎಕ್ಸ್‌ರೇ ನೋಡಲು ಕೇಳುತ್ತೇವೆ. ‘ಗಂಡಸರಿಗೆ ಮಾತ್ರ ಎಲ್ಲಾ ಗೊತ್ತಾ?’ ಎಂದು ಇನ್ನೊಬ್ಬಳು. ಇಲ್ಲ. ಅದೇ ನನ್ನ ವಾದ! ಅವರಿಗೂ ಗೊತ್ತಿಲ್ಲ, ಆದರೂ ಅವರಿಗೆ ಹೇಳುತ್ತಾರೆ. ಗೊತ್ತಿಲ್ಲದಿರುವುದು ಅವರಿಗೆ ಅಡ್ಡಿಯಾಗದಿದ್ದರೆ ನಮಗೇಕೆ ಅಡ್ಡಿ? ‘ನಮ್ಮ ಮನೆಯಲ್ಲಿ ಜೀಪಿಲ್ಲ’ ಎಂದು ನೀವು ಹೇಳಬಹುದು. ಸ್ಕೂಟರಿದೆಯಲ್ಲ, ಬಾವಿಯ ಮೋಟಾರಿದೆಯಲ್ಲ, ಇನ್ವರ್ಟರಿದೆಯಲ್ಲ? ಎಲ್ಲ ಕಡೆ ಹೋದದ್ದು ಒಂದು ಭಾಗ, ಬಿಲ್ಲು ಇಡೀ ಸೆಟ್ಟಿಗೆ. ಒಂಟಿಯಾಗಿರುವವರನ್ನೂ ಗಂಡ ಸತ್ತವರನ್ನೂ ನೆನೆಯಿರಿ. ಯಾವ ಯಜಮಾನರನ್ನು ಎಲ್ಲಿಂದ ಕಳಿಸುವುದು?

1986ರ ಗ್ರಾಹಕ ಸಂರಕ್ಷಣಾ ಕಾಯಿದೆಯ ಜಾಗದಲ್ಲಿ 2019ರ ಹೊಸ ಕಾಯಿದೆ ಬಂದಿದೆ. ಕೊಳ್ಳುವ ವಸ್ತುವಿನ, ಪಡೆಯುವ ಸೇವೆಯ ಗುಣಮಟ್ಟ, ಪ್ರಮಾಣ, ಬೆಲೆಗಳನ್ನು ತಿಳಿಯುವುದು ಗ್ರಾಹಕರ ಹಕ್ಕು ಎಂದು ಅದರಲ್ಲಿದೆ. ಆ ಹಕ್ಕು ಗ್ರಾಹಕರ ಯಜಮಾನರಿಗೆ ಸೇರಿದ್ದು ಎಂದು ಎಲ್ಲಿಯೂ ಬರೆದಿಲ್ಲ.

ಆದ್ದರಿಂದ ಸೋದರಿಯರೇ, ಫೋನ್ ನಂಬರ್ ಕೊಡುವುದನ್ನು ನಿಲ್ಲಿಸೋಣ. ಹೋದದ್ದು ಯಾವ ಭಾಗ, ಎಡದ್ದೋ ಬಲದ್ದೋ, ಅದೊಂದನ್ನೇ ಬದಲಿಸಬಹುದೋ ಇಲ್ಲವೋ, ಇಲ್ಲವಾದರೆ ಏಕೆ ಎಂದು ಕೇಳೋಣ. ಹಾಕುವುದು ಹೊಸದೋ ಹಳೆಯದೋ, ಜತೆಗೆ ಸೀಲು ಬದಲಿಸುತ್ತೀರೋ ಎಂದು ಕೇಳೋಣ. ಬಿಲ್ಲಿನಲ್ಲಿ ಭಾಗಕ್ಕೆ ಬೇರೆ, ಕೂಲಿಗೆ ಬೇರೆ ಬರೆಸೋಣ. ತೆಗೆದ ಹಳೆಯ ಭಾಗವನ್ನು ಮನೆಗೆ ತರೋಣ. ಕೇಳಿದರೆ ಬೇಸರಿಸುವವರನ್ನು ಬಿಟ್ಟು, ಬೆರಳಿಗೆ ಆಯಿಲು ಹಚ್ಚಿಕೊಂಡು ತೋರಿಸುವವರ ಬಳಿ ಹೋಗೋಣ. ಅಂಥವರು ಊರಿಗೊಬ್ಬರಾದರೂ ಇದ್ದಾರೆ. ನಮ್ಮ ದುಡ್ಡು ಅವರಿಗೆ ಸಲ್ಲಲಿ.

ಸವೆದ ಆ ಶಾಫ್ಟು ಈಗ ತೋಟದ ಮನೆಯ ಜಗುಲಿಯಲ್ಲಿದೆ. ಅತ್ತೆ ಅದನ್ನು ಬಂದವರಿಗೆಲ್ಲ ತೋರಿಸುತ್ತಾರೆ. ಬಟ್ಟಲನ್ನು ಬಾಗಿಸಿ, ತಿರುಗಿಸಿ, ಗೋಲಿಯ ಹಳ್ಳದ ಗುಂಡಿಗೆ ಬೆರಳಿಟ್ಟು, ‘ಇಲ್ಲಿಂದ ಬರ್ತಿತ್ತು ಸದ್ದು’ ಎನ್ನುತ್ತಾರೆ. 81ನೆಯ ವಯಸ್ಸಿಗೆ ಅವರಿಗೆ ಅರ್ಥವಾದದ್ದು ನಿಮಗೂ ನನಗೂ ಆಗುವುದಿಲ್ಲ ಎಂದು ಇನ್ನು ಮುಂದೆ ಯಾರಾದರೂ ಹೇಳಿದರೆ ನಂಬಬೇಡಿ.